ದಂಶಬಾಧೆ: ನಂಜನಗೂಡು, ತಿರುಮಕೂಡಲು ಸೀಮೆಯ ಒಂದು ಸಮೀಕ್ಷೆ

ಬೇಸಗೆಯ ಬಯಲು ದುಡಿಮೆಯ ಕಷ್ಟಗಳನ್ನು ಲೆಕ್ಕಹಾಕುವವರು ಬಿಸಿಲನ್ನು ಹೇಳುತ್ತಾರೆ, ನೀರಿನ ಅಭಾವವನ್ನು ಹೇಳುತ್ತಾರೆ, ಕೂಲಿಯ ಸಾಲದಿರುವಿಕೆಯನ್ನೂ ಹೇಳುತ್ತಾರೆ. ನೊಣ ನುಸಿಗಳ ಮಾತನ್ನು ಎತ್ತುವವರು ಮಾತ್ರ ವಿರಳ. ಆದರೂ ಫಾಲ್ಗುಣದಲ್ಲಿ ನಂಜನಗೂಡಿನ ಶ್ರೀಕಂಠೇಶ್ವರನ ಪಂಚರಥಗಳು ನೆಲೆ ಸೇರಿದಂದಿನಿಂದ ಮೊದಲ್ಗೊಂಡು ರೋಹಿಣಿ ಮಳೆ ನೆಲವನ್ನು ತಣಿಸುವವರೆಗೆ, ಈ ಸೀಮೆಯಲ್ಲಿ ಎಳ್ಳು ಅಲಸಂದೆಗಳಿಗೆ ಹೊಲ ಹದಮಾಡುವವನಾಗಲಿ, ಬೇಸಗೆ ಭತ್ತದ ಕಳೆ ಕೀಳುವವಳಾಗಲಿ, ಕಬ್ಬು ಕಡಿಯುವವನಾಗಲಿ, ತಿಪ್ಪೆಯ ಗೊಬ್ಬರವನ್ನು ಗಾಡಿಗೆ ತುಂಬುವವನಾಗಲಿ, ಕಚ್ಚುವ ಕೀಟಗಳ ಉಪದ್ರವವಿಲ್ಲದೆ ಒಂದು ಹೊತ್ತನ್ನು ಕಳೆಯುವುದು ಅಪರೂಪ. ಈ ಉಪದ್ರವವನ್ನು ಸಹಿಸತಕ್ಕದ್ದೇ, ನಿವಾರಿಸತಕ್ಕದ್ದೇ, ನಿವಾರಿಸುವುದಾದರೆ ಅದರ ಭಾರ ಯಾರದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪವನ್ನು ಅರಿಯದೆ ಕಾಟದ ಸ್ವರೂಪವು ಅರ್ಥವಾಗದು. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿದ ಕಪಿಲೆಯು ಹೆಗ್ಗಡದೇವನಕೋಟೆಯ ನಾಡನ್ನು ಹಾದು, ನಂಜನಗೂಡಿನ ದೇವಾಲಯದ ಮಗ್ಗುಲಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಹುಲ್ಲಹಳ್ಳಿಯ ಅಣೆಕಟ್ಟೆ, ತಲಕಾಡಿನ ಕಡೆಯ ಮಾಧವಮಂತ್ರಿ ಅಣೆಕಟ್ಟೆ ಮೊದಲಾದ ಹಳೆಯ ಕಟ್ಟೆಗಳಿಂದ ಹೊರಟ ಕಾಲುವೆಗಳ ಜೊತೆಗೆ, 1974ರಲ್ಲಿ ಬೀಚನಹಳ್ಳಿಯ ಬಳಿ ಮುಗಿದ ಕಬಿನಿ ಜಲಾಶಯದ ನಾಲೆಗಳೂ ಸೇರಿ, ಹಿಂದೆ ಹುರುಳಿ ರಾಗಿಗಳನ್ನು ಮಾತ್ರ ಕಂಡಿದ್ದ ಎಷ್ಟೋ ನೆಲವನ್ನು ಗದ್ದೆಯಾಗಿ ಮಾರ್ಪಡಿಸಿವೆ. ಅದರಿಂದ ಅನ್ನವು ಹೆಚ್ಚಿದುದು ನಿಜ. ಅದರೊಡನೆಯೇ, ಸುತ್ತಲ ಭೂಮಿ ಕಾದ ಹಂಚಿನಂತಾಗುವ ಚೈತ್ರ ವೈಶಾಖಗಳಲ್ಲಿಯೂ ನಾಲೆಯ ಬಸಿನೀರಿನ ಮಗ್ಗುಲು, ತೂಬಿನ ಕೆಳಗಣ ಜೊಂಡು, ಗದ್ದೆಯ ಬದುವಿನ ಕೆಸರು ಇವು ಹಸಿಯಾಗಿಯೇ ಉಳಿಯುವಂತಾದುದೂ ಅಷ್ಟೇ ನಿಜ. ಕಚ್ಚುವ ಕೀಟಗಳಿಗೆ ಬೇಕಾದುದು ಮೂರೇ ವಸ್ತು: ಮರಿಗೆ ತೇವ, ತಾಯಿಗೆ ರಕ್ತ, ಇವೆರಡಕ್ಕೂ ಕಾವು. ಈ ಸೀಮೆಯ ಬೇಸಗೆ ಮೂರನ್ನೂ ಒಂದೆಡೆ ಒದಗಿಸುತ್ತದೆ.

ಈ ಕೀಟಗಳನ್ನು ವಿಂಗಡಿಸುವ ಪ್ರಯತ್ನ ಹೊಸತಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನವು ಮಕ್ಷಿಕೆಗಳಲ್ಲಿ ಆರು ಬಗೆಯನ್ನೂ ಮಶಕಗಳಲ್ಲಿ ಐದು ಬಗೆಯನ್ನೂ ಎಣಿಸಿ, ಕೆಲವು ಕೇವಲ ತುರಿಕೆ ಬಾವುಗಳನ್ನು ತರತಕ್ಕವೆಂದೂ ಕೆಲವು ಪ್ರಾಣಕ್ಕೆ ಎರವಾಗತಕ್ಕವೆಂದೂ ವಿವೇಚಿಸುತ್ತದೆ. ಇಂದಿನ ಕೀಟಶಾಸ್ತ್ರದ ವಿಂಗಡಣೆ ಇದಕ್ಕಿಂತ ಬಹು ವಿಸ್ತಾರವಾದುದು. ಆದರೆ ಹೊಲದಲ್ಲಿ ನಿಂತವನಿಗೆ ಉಪಯುಕ್ತವಾದುದು ಹೊತ್ತನ್ನನುಸರಿಸಿದ ವಿಂಗಡಣೆ. ಏಕೆಂದರೆ ಯಾವ ಜಾತಿ ಯಾವ ಹೊತ್ತಿಗೆ ಎರಗುವುದೆಂಬುದೇ ಅವನ ಕೆಲಸದ ವೇಳೆಯನ್ನು ನಿರ್ಣಯಿಸಬೇಕಾದುದು.

ಮುಂಜಾನೆಯ ಮಬ್ಬಿನಲ್ಲಿಯೂ ಸಂಜೆಯ ಗೋಧೂಳಿಯಲ್ಲಿಯೂ ಬರುವುದು ನುಸಿ. ಒಂದೆರಡು ಮಿಲಿಮೀಟರು ಗಾತ್ರದ ಈ ಕೀಟವು ಕಣ್ಣಿಗೆ ಬೀಳುವ ಮೊದಲೇ ಕಚ್ಚಿ ಮುಗಿಸಿರುತ್ತದೆ. ಸಾಮಾನ್ಯವಾದ ಸೊಳ್ಳೆಪರದೆಯ ಕಣ್ಣುಗಳಲ್ಲಿಯೂ ನುಸುಳುತ್ತದೆ. ಸೊಳ್ಳೆಗಳಲ್ಲಿ ಅನೇಕ ಜಾತಿಗಳು ಇದೇ ವೇಳೆಯವು. ಬಿಸಿಲು ಏರಿದೊಡನೆ ಕೊಟ್ಟಿಗೆಯ ನೊಣದ ಸರದಿ: ನೋಡುವುದಕ್ಕೆ ಮನೆಯ ನೊಣವೇ ಸರಿ, ಆದರೆ ಮೂತಿಯ ಮುಂದಕ್ಕೆ ಸೂಜಿಯಂತೆ ಚಾಚಿದ ಸೊಂಡಿಲೊಂದು ಉಂಟು, ಗಂಡು ಹೆಣ್ಣುಗಳೆರಡೂ ರಕ್ತವನ್ನು ಹೀರತಕ್ಕವು, ಮನುಷ್ಯನಲ್ಲಿ ಮೊಣಕಾಲಿನಿಂದ ಕೆಳಗೆ, ದನದಲ್ಲಿ ಮುಂಗಾಲುಗಳಲ್ಲಿ ಕೂರುವುದು ಇದರ ಅಭ್ಯಾಸ. ಇವೆಲ್ಲದರ ನಡುವೆ, ಕಚ್ಚಲಾರದಿದ್ದರೂ ಕಣ್ಣಿನ ಕೊನೆಗೂ ಗಾಯದ ತುದಿಗೂ ಮುತ್ತಿ ಕಾಡುವ ನೊರಜು ಅಥವಾ ಗುಂಗುರು ಬೇರೆ.

ಮಧ್ಯಾಹ್ನದ ಪ್ರಖರ ಬಿಸಿಲು ದೊಡ್ಡ ದನದ ನೊಣದ ಸಾಮ್ರಾಜ್ಯ. ಇದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಉಳುಮೆಯ ಎತ್ತಿನ ಹೆಗಲ ಹಿಂಭಾಗದಲ್ಲಿ, ಬಾಲವೂ ಕೊಂಬೂ ಎಟುಕದ ಎಡೆಯನ್ನು ಆರಿಸಿಕೊಂಡು ಅದು ಸದ್ದಿಲ್ಲದೆ ಕೂರುತ್ತದೆ; ಹಸುರು ಮಿನುಗುವ ಅಗಲವಾದ ಕಣ್ಣುಗಳು, ಮಡಿಚಿಟ್ಟ ಬೂದು ರೆಕ್ಕೆಗಳು. ಸೊಳ್ಳೆಯಂತೆ ಚುಚ್ಚದೆ ಚರ್ಮವನ್ನು ಕತ್ತರಿಯಂತೆ ಕೊಯ್ದು, ಒಸರಿದ ನೆತ್ತರನ್ನು ನೆಕ್ಕುತ್ತದೆ. ನೆತ್ತರು ಹೆಪ್ಪುಗಟ್ಟದಂತೆ ಜೊಲ್ಲನ್ನು ಬೆರೆಸುವುದರಿಂದ, ನೊಣ ಹಾರಿಹೋದ ಮೇಲೂ ಬಿಳಿಯ ಹಳ್ಳಿಕಾರ್ ಎತ್ತಿನ ಮೈಮೇಲೆ ಕೆಂಪು ಗೆರೆಯೊಂದು ಇಳಿಯುತ್ತಲೇ ಇರುತ್ತದೆ. ಆ ಗೆರೆಗೆ ಮನೆಯ ನೊಣಗಳು ಬಂದು ಮುತ್ತುತ್ತವೆ. ಎತ್ತು ಚರ್ಮವನ್ನು ಅದುರಿಸಿ ಕಾಲನ್ನು ಒದರಿದಾಗ ನೇಗಿಲ ಸಾಲು ಕೆಡುತ್ತದೆ, ಹಿಂದೆ ಬರುವವನ ಬೈಗುಳ ಎತ್ತಿಗೆ ಸಲ್ಲುತ್ತದೆ. ಹೀಗೆ ಕೊಯ್ಯುವುದು ಹೆಣ್ಣು ಮಾತ್ರ. ಗಂಡು ಹೂವಿನ ರಸದಲ್ಲಿಯೇ ತೃಪ್ತಿಪಡುತ್ತದೆ. ನೀರಿನ ಅಂಚಿನ ಹುಲ್ಲಿನ ಮೇಲೆ ಹೆಣ್ಣು ಇಟ್ಟ ಮೊಟ್ಟೆಗಳು ಒಡೆದು, ಮರಿಗಳು ಕೆಸರಿಗೆ ಬಿದ್ದು ಅಲ್ಲಿಯೇ ಬೆಳೆಯುತ್ತವೆ. ಅಶ್ವಿನಿ ಭರಣಿಗಳ ನಾಲ್ಕು ಹನಿ ಬಿದ್ದ ಬಳಿಕ ಇವುಗಳ ಸಂಖ್ಯೆ ಏರುತ್ತದೆ. ಹೆಡಿಯಾಲದ ಕಡೆ ಬಂಡೀಪುರದ ಕಾಡಿನ ಅಂಚಿನಲ್ಲಿ ಮೇಯುವ ದನಗಳು ಕಾಡುಪ್ರಾಣಿಗಳ ನೊಣವನ್ನೂ ಹಂಚಿಕೊಳ್ಳಬೇಕಾಗುತ್ತದೆ.

ಹಾನಿಯ ವಿಚಾರಕ್ಕೆ ಬಂದರೆ, ಮನುಷ್ಯನಿಗೆ ನೊಣದ ಕಡಿತದಿಂದ ಆಗುವುದು ಬಹುಮಟ್ಟಿಗೆ ಉರಿ, ದದ್ದು, ಕೆರೆತದಿಂದ ಕೀವಾದ ಹುಣ್ಣು. ಸೊಳ್ಳೆಯು ತರುವ ಮಲೇರಿಯಾ, ಡೆಂಗೆಗಳ ಭಯ ಪ್ರತ್ಯೇಕ. ದನಕರುಗಳ ಹಾನಿ ಇದಕ್ಕಿಂತ ಘೋರ. 1880ರಲ್ಲಿ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಗ್ರಿಫಿತ್ ಇವಾನ್ಸನೆಂಬ ಪಶುವೈದ್ಯನು ಕುದುರೆ ಒಂಟೆಗಳ ರಕ್ತದಲ್ಲಿ ಸರ್ರಾ ರೋಗದ ಜೀವಾಣುವನ್ನು ಕಂಡುಹಿಡಿದನು. ದನದ ನೊಣವೂ ಕೊಟ್ಟಿಗೆಯ ನೊಣವೂ ಒಂದು ಪ್ರಾಣಿಯ ನೆತ್ತರು ಮೆತ್ತಿದ ಮೂತಿಯಿಂದಲೇ ಇನ್ನೊಂದನ್ನು ಕಚ್ಚಿ ಆ ಜೀವಾಣುವನ್ನು ದಾಟಿಸುತ್ತವೆ. ಕುರಿಗಳ ನೀಲಿ ನಾಲಿಗೆ ರೋಗವು ನುಸಿಯ ಕೊಡುಗೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಕುರಿಯ ತಳಿಗೆ ತನ್ನ ಹೆಸರನ್ನೇ ಕೊಟ್ಟ ಊರಾಗಿರುವುದರಿಂದ ಈ ಸೀಮೆಗೆ ಇದು ಪರರ ಮಾತಲ್ಲ. 2022ರಲ್ಲಿ ರಾಜ್ಯವನ್ನು ವ್ಯಾಪಿಸಿದ ಚರ್ಮಗಂಟು ರೋಗವನ್ನು ಹರಡಿದುದರಲ್ಲಿಯೂ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳ ಪಾತ್ರ ದೊಡ್ಡದು. ಆಗ ದನಗಳ ಸಂತೆ ಜಾತ್ರೆಗಳನ್ನು ತಡೆಯಬೇಕಾಗಿ ಬಂತು. ಮುಡುಕುತೊರೆಯಲ್ಲಿಯೂ ಸುತ್ತೂರಿನಲ್ಲಿಯೂ ದನದ ಜಾತ್ರೆ ನಡೆಸುವ ಸೀಮೆಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ರೋಗವಿಲ್ಲದಾಗಲೂ, ದಿನವಿಡೀ ಬಾಲ ಬೀಸಿ ಕಾಲು ಒದರಿ ನೆಮ್ಮದಿಯಾಗಿ ಮೇಯಲಾರದ ಹಸು ಸಂಜೆ ಕಡಮೆ ಹಾಲನ್ನು ಕರೆಯುತ್ತದೆ.

ಇನ್ನು ಪರಿಹಾರಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಮೊದಲನೆಯದು ವೇಳೆಯ ಆಯ್ಕೆ. ಬಿಸಿಲಿನ ಝಳವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಕೂಲಿಯವರು ಬೆಳಗಿನ ಆರು ಗಂಟೆಗೇ ಗದ್ದೆಗೆ ಇಳಿಯುವುದುಂಟು. ಅದು ನುಸಿಯ ವೇಳೆ. ನುಸಿಯನ್ನು ತಪ್ಪಿಸಲು ಹತ್ತಕ್ಕೆ ಇಳಿದರೆ ದನದ ನೊಣದ ವೇಳೆ. ಆದುದರಿಂದ ವೇಳೆಯೊಂದರಿಂದಲೇ ಪಾರಾಗುವೆನೆಂಬುದು ಭ್ರಮೆ. ಆದರೆ ಯಾವ ವೇಳೆಯಲ್ಲಿ ಯಾವ ಸ್ಥಳವನ್ನು ಆರಿಸಬೇಕೆಂಬ ವಿವೇಕಕ್ಕೆ ಎಡೆಯುಂಟು. ನುಸಿಯೂ ಸೊಳ್ಳೆಯೂ ಗಾಳಿಯನ್ನು ಎದುರಿಸಲಾರವು. ಆದುದರಿಂದ ಬೆಳಗ್ಗೆ ಗಾಳಿಯಾಡುವ ಎತ್ತರದ ಹೊಲವನ್ನೂ, ಬಿಸಿಲೇರಿದ ಮೇಲೆ ನಾಲೆಯ ಮಗ್ಗುಲಿನ ಜೌಗನ್ನೂ ಹಿಡಿಯುವುದು ಮೇಲು. ದನದ ನೊಣವು ಗಾಢವಾದ ನೆರಳಿಗೂ ಕತ್ತಲ ಕೊಟ್ಟಿಗೆಗೂ ಸಾಮಾನ್ಯವಾಗಿ ಬರುವುದಿಲ್ಲ. ನಡುಹಗಲಿನಲ್ಲಿ ಎತ್ತುಗಳನ್ನು ಹೊಂಗೆಯ ತೋಪಿಗೆ ಬಿಡುವ ಹಿರಿಯರ ರೂಢಿ ಈ ದೃಷ್ಟಿಯಿಂದಲೂ ಸಾಧುವಾದುದು.

ಎರಡನೆಯದು ಉಡುಪು. ಬಿಗಿಯಾದ ತೆಳುಬಟ್ಟೆಯ ಮೂಲಕ ನೊಣವು ಸಲೀಸಾಗಿ ಕಚ್ಚುತ್ತದೆ. ಸಡಿಲವಾದ ದಪ್ಪ ನೂಲಿನ ಬಟ್ಟೆಯಲ್ಲಿ ಅದರ ಮೂತಿ ಚರ್ಮವನ್ನು ಮುಟ್ಟದು. ಬದನವಾಳಿನ ಖಾದಿ ಕೇಂದ್ರವನ್ನು ಹೊಂದಿರುವ ನಂಜನಗೂಡು ತಾಲ್ಲೂಕಿಗೆ ಅಂಥ ಬಟ್ಟೆ ಅಪರಿಚಿತವಲ್ಲ. ಬಣ್ಣಕ್ಕೂ ಮಹತ್ತ್ವ ಉಂಟು: ಕಪ್ಪು, ಕಡುನೀಲಿಗಳು ನೊಣವನ್ನು ಸೆಳೆಯುತ್ತವೆ, ಬಿಳುಪು ಅಷ್ಟಾಗಿ ಸೆಳೆಯದು, ಆಫ್ರಿಕದಲ್ಲಿ ಕಚ್ಚುವ ನೊಣಗಳನ್ನು ಹಿಡಿಯಲು ಹೊಲಿಯುವ ಬಲೆಗಳು ನೀಲಿ ಕಪ್ಪು ಬಟ್ಟೆಯವೇ ಆಗಿವೆ. ಜಪಾನಿನ ವಿಜ್ಞಾನಿಗಳು ಕಪ್ಪು ಹಸುಗಳ ಮೈಮೇಲೆ ಜೀಬ್ರಾದಂತೆ ಬಿಳಿಯ ಪಟ್ಟೆಗಳನ್ನು ಬಳಿದಾಗ ಮೈಮೇಲೆ ಕೂತ ನೊಣಗಳು ಸುಮಾರು ಅರ್ಧಕ್ಕೆ ಇಳಿದುದನ್ನು 2019ರಲ್ಲಿ ಪ್ರಕಟಿಸಿದರು. ಮೈಸೂರು ಸೀಮೆಯ ರೈತನ ಪಟಾಪಟಿ ಚಡ್ಡಿಗೆ ಇಷ್ಟು ದೊಡ್ಡ ಶಾಸ್ತ್ರಾಧಾರ ದೊರೆಯಬಹುದೆಂದು ಅದನ್ನು ಹೊಲಿದ ದರ್ಜಿಯು ಊಹಿಸಿರಲಾರನು. ಆದರೆ ಅದರ ಪಟ್ಟೆಗಳು ತೊಡೆಯನ್ನು ಮಾತ್ರ ಕಾಯುವುದರಿಂದ, ಮೊಣಕಾಲಿನ ಕೆಳಗಣ ಭಾಗವು ಕೊಟ್ಟಿಗೆಯ ನೊಣಕ್ಕೆ ಮೀಸಲಾಗಿಯೇ ಉಳಿಯುತ್ತದೆ. ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿಯನ್ನು ತೊಟ್ಟು, ತಲೆಗೆ ಟವಲನ್ನು ಸುತ್ತಿ ಗದ್ದೆಗೆ ಇಳಿಯುವ ಪದ್ಧತಿ ಇದಕ್ಕಿಂತ ಪ್ರಯೋಜನಕಾರಿ. ಕಳೆ ಕೀಳುವವಳ ಎರಡು ಕೈಗಳೂ ಕೆಸರಿನಲ್ಲಿರುತ್ತವೆ; ಕೆನ್ನೆಯ ಮೇಲೆ ಕೂತ ನೊಣವನ್ನು ಹೊಡೆಯಲಾರದೆ ಅವಳು ತೋಳಿನ ಮೇಲ್ಭಾಗಕ್ಕೆ ಮುಖವನ್ನು ಒರಸಿಕೊಳ್ಳುತ್ತಾಳೆ. ಆ ಅಂಗಿಯ ತೋಳೇ ಅವಳಿಗೆ ಇರುವ ಏಕಮಾತ್ರ ಆಯುಧ.

ಮೂರನೆಯದು ಹೊಗೆ. ಇದೇ ಈ ಸೀಮೆಯ ವಿಶಿಷ್ಟವಾದ ಸಮಸ್ಯೆ. ಸಂಜೆ ಕೊಟ್ಟಿಗೆಯ ಮೂಲೆಯಲ್ಲಿ ಬೆರಣಿಯ ಕೆಂಡದ ಮೇಲೆ ಬೇವಿನ ಸೊಪ್ಪನ್ನೋ ಲಕ್ಕಿಸೊಪ್ಪನ್ನೋ ಹಾಕಿ ಹೊಗೆಯೆಬ್ಬಿಸುವುದು ಹಳ್ಳಿಗಳ ಪುರಾತನ ಕ್ರಮ. ಅದರಿಂದ ನೊಣ ನುಸಿಗಳು ತಾತ್ಕಾಲಿಕವಾಗಿ ತೊಲಗುವುದೂ ಸತ್ಯ. ಆದರೆ ತಿರುಮಕೂಡಲು ನರಸೀಪುರವು ರೇಷ್ಮೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆಯ ಊರು, ಸುತ್ತಮುತ್ತ ಹಿಪ್ಪುನೇರಳೆಯ ತೋಟಗಳುಂಟು; ಅನೇಕರ ಮನೆಗಳಲ್ಲಿ ಹುಳುಮನೆಗೂ ಕೊಟ್ಟಿಗೆಗೂ ನಡುವೆ ಒಂದು ಗೋಡೆ ಮಾತ್ರ. ರೇಷ್ಮೆಹುಳು ಹೊಗೆಯನ್ನು ಸಹಿಸದು. ಸೊಳ್ಳೆಬತ್ತಿಯ ವಾಸನೆ, ಹೊಗೆಸೊಪ್ಪಿನ ಸೋಂಕು, ಕೀಟನಾಶಕದ ತುಂತುರು ಯಾವುದು ತಗುಲಿದರೂ ಹಣ್ಣಾಗುವ ಹೊತ್ತಿನ ಬೆಳೆಯೆಲ್ಲ ಒಂದೇ ರಾತ್ರಿಯಲ್ಲಿ ನಷ್ಟವಾದೀತು. “ಹೊಗ ಹಾಕುದ್ರ ಹುಳ ಹೋಯ್ತದ ಸ್ವಾಮಿ, ಹಾಕ್ದಿದ್ರ ಹಾಲು ಹೋಯ್ತದ” ಎಂದು ಆ ಕಡೆಯ ರೈತರೊಬ್ಬರು ಹೇಳಿದುದರಲ್ಲಿ ಇಡೀ ಪ್ರಶ್ನೆಯ ಸಾರವಿದೆ.

ಇಲ್ಲಿ ಮತ್ತೊಂದು ಸಂಗತಿ ಗಮನಾರ್ಹ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕವನ್ನು ಪ್ರವೇಶಿಸಿದ ಊಜಿ ನೊಣವು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲತೊಡಗಿದಾಗ, ರೇಷ್ಮೆ ಇಲಾಖೆಯೂ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೂ ಬೋಧಿಸಿದ ಉಪಾಯಗಳಲ್ಲಿ ಮುಖ್ಯವಾದುದು ಹುಳುಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಹೊದಿಸುವುದು. ರೈತರು ಅದನ್ನು ಕೈಕೊಂಡರು. ಅಂದರೆ ನೊಣವನ್ನು ವಿಷವಿಲ್ಲದೆ ತಡೆಯುವ ವಿದ್ಯೆ ಈ ಸೀಮೆಗೆ ಬಂದು ನಾಲ್ಕು ದಶಕಗಳು ಮೀರಿದುವು. ಹುಳುವಿಗೆ ದೊರೆತ ಆ ಬಲೆ ಪಕ್ಕದ ಕೊಟ್ಟಿಗೆಯ ಕಿಟಕಿಗೆ ಬಂದುದು ಮಾತ್ರ ವಿರಳ. ರೇಷ್ಮೆ ಸಾಕುವ ಹಳ್ಳಿಗಳವರು ಮನೆಯೊಳಗೆ ಮದ್ದು ಸಿಂಪಡಿಸಲು ಒಪ್ಪದಿದ್ದ ಕಾರಣ, ಕೋಲಾರದ ಕಡೆ ಮಲೇರಿಯಾ ನಿವಾರಣೆಗಾಗಿ ಬಾವಿ ಕೆರೆಗಳಿಗೆ ಸೊಳ್ಳೆಮರಿಗಳನ್ನು ತಿನ್ನುವ ಗಪ್ಪಿ, ಗಾಂಬೂಸಿಯಾ ಮೀನುಗಳನ್ನು ಬಿಟ್ಟುದೂ ಇದೇ ಜಾತಿಯ ವಿವೇಕ.

ನಾಲ್ಕನೆಯದು ಲೇಪನ. ಹೊಂಗೆಯೆಣ್ಣೆ, ಬೇವಿನೆಣ್ಣೆಗಳನ್ನು ದನದ ಮೈಗೂ ಕೆಲವರು ತಮ್ಮ ಕಾಲಿಗೂ ಸವರುವುದುಂಟು. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎರಡು ಪಾಲು ಬೇವಿನೆಣ್ಣೆಯನ್ನು ಬೆರೆಸಿ ಹಚ್ಚಿದರೆ ಮಲೇರಿಯಾ ಸೊಳ್ಳೆಗಳು ದೂರವಾಗುವುವೆಂದು ಭಾರತೀಯ ವಿಜ್ಞಾನಿಗಳು ಪರೀಕ್ಷೆಗಳಿಂದ ತೋರಿಸಿದ್ದಾರೆ. ಅಂಗಡಿಯ ಮುಲಾಮುಗಳ ಪೈಕಿ ಪ್ರಸಿದ್ಧವಾದ ಡೀಟ್ ಎಂಬ ದ್ರವ್ಯವನ್ನು 1946ರಲ್ಲಿ ಅಮೆರಿಕದ ಸೈನ್ಯವು ಬಳಕೆಗೆ ತಂದಿತು. ನಮ್ಮ ರಕ್ಷಣಾ ಇಲಾಖೆಯ ಗ್ವಾಲಿಯರ್ ಪ್ರಯೋಗಾಲಯವು ಡೆಪಾ ಎಂಬುದನ್ನು ರೂಪಿಸಿತು. ಆದರೆ ಸೊಳ್ಳೆಯನ್ನು ಓಡಿಸಿದುದೆಲ್ಲ ದನದ ನೊಣವನ್ನು ಓಡಿಸುವುದೆಂದು ನಂಬಲಾಗದು; ಡೀಟ್ ಕೂಡ ಅದರ ಮೇಲೆ ಅಷ್ಟು ಬಲವಾಗಿ ನಡೆಯದು. ಅಲ್ಲದೆ ಬಿಸಿಲಿನಲ್ಲಿ ಬೆವರುವ ದುಡಿಮೆಗಾರನ ಮೈಯಿಂದ ಯಾವ ಲೇಪವಾದರೂ ಬೇಗ ತೊಳೆದುಹೋಗುತ್ತದೆ. ದನದ ಉಣ್ಣೆಗೆಂದು ತಂದ ಕೀಟನಾಶಕವನ್ನು ಮನುಷ್ಯರು ಕೈಕಾಲಿಗೆ ಸವರಿಕೊಳ್ಳುವುದು ಸರ್ವಥಾ ವರ್ಜ್ಯ. ಕಚ್ಚಿದ ಎಡೆಯನ್ನು ಸೋಪು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆಯನ್ನಿಟ್ಟು, ಕೆರೆಯದೆ ಇರುವುದು ಉತ್ತಮ ಚಿಕಿತ್ಸೆ; ಮುಖ ನಾಲಿಗೆಗಳು ಊದಿಕೊಂಡು ಉಸಿರು ಕಟ್ಟಿದಂತಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಐದನೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕೂ ಮಿಗಿಲಾದುದು, ಹುಟ್ಟನ್ನೇ ತಡೆಯುವುದು. ಕೊಟ್ಟಿಗೆಯ ನೊಣವು ಹುಟ್ಟುವುದು ಸಗಣಿ, ಗಂಜಲ, ಕೊಳೆತ ಹುಲ್ಲು ಇವು ಬೆರೆತ ಹಸಿ ಕಸದಲ್ಲಿ. ಬೇಸಗೆಯ ಕಾವಿನಲ್ಲಿ ಮೊಟ್ಟೆಯು ನೊಣವಾಗಲು ಎರಡು ಮೂರು ವಾರ ಸಾಕು. ಎಂದಮೇಲೆ ವಾರಕ್ಕೊಮ್ಮೆ ಆ ಕಸವನ್ನು ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿದರೂ, ಗುಂಡಿಗೆ ತುಂಬಿ ಮಣ್ಣು ಮುಚ್ಚಿದರೂ, ಗೋಬರ್ ಗ್ಯಾಸಿನ ತೊಟ್ಟಿಗೆ ಸುರಿದರೂ ಒಂದು ಸಂತತಿಯೇ ನಿಂತುಹೋಗುತ್ತದೆ. ಹುಳುಮನೆಯಿಂದ ಗುಡಿಸಿದ ಹಿಕ್ಕೆ, ಎಲೆಯ ಕಡ್ಡಿಗಳಿಗೂ ಇದೇ ನಿಯಮ. ನಾಲೆಯ ಬಸಿಗಾಲುವೆಗಳನ್ನು ತೋಡಿಸಿ ಜೊಂಡನ್ನು ಕೊಯ್ದರೆ ದನದ ನೊಣದ ಮರಿಗೂ ಸೊಳ್ಳೆಯ ಮರಿಗೂ ನೆಲೆ ತಪ್ಪುತ್ತದೆ.

ಈ ಕಾರ್ಯದಲ್ಲಿ ಪ್ರಕೃತಿಯ ನೆರವೂ ಉಂಟು: ದನಗಳ ಬಳಿ ತಿರುಗುವ ಬೆಳ್ಳಕ್ಕಿ, ಗೊರವಂಕ, ಕಾಜಾಣಗಳು, ಸಗಣಿಯನ್ನು ಉಂಡೆಮಾಡಿ ನೆಲದೊಳಕ್ಕೆ ಒಯ್ಯುವ ಸಗಣಿಹುಳು. ಈ ಹುಳುವಿನ ಬೆಲೆಯನ್ನು ಅರಿತ ಆಸ್ಟ್ರೇಲಿಯದವರು, ದನದ ಸಗಣಿಯನ್ನು ಕರಗಿಸಬಲ್ಲ ಹುಳುಗಳು ತಮ್ಮಲ್ಲಿ ಸಾಲದೆ ನೊಣವು ಮಿತಿಮೀರಿದಾಗ, ಕಳೆದ ಶತಮಾನದ ಅರುವತ್ತರ ದಶಕದಿಂದ ಆಫ್ರಿಕ ಮೊದಲಾದ ಕಡೆಗಳಿಂದ ಅವನ್ನು ತರಿಸಿ ಬಿಟ್ಟರು. ನಮ್ಮಲ್ಲಿ ಅವು ಬೇಡದೆಯೇ ಇವೆ. ದನಕ್ಕೆ ಅಗತ್ಯವಿಲ್ಲದಾಗಲೂ ಚುಚ್ಚುವ ಕೆಲವು ಜಂತುನಾಶಕ ಔಷಧಗಳು ಸಗಣಿಯ ಮೂಲಕ ಅವನ್ನು ಕೊಲ್ಲದಂತೆ ಪಶುವೈದ್ಯರ ಸಲಹೆಯಿಂದ ನಡೆದುಕೊಂಡರೆ ಸಾಕು.

ಕೊನೆಯದಾಗಿ ಸಹನೆಯ ವಾದವೊಂದು ಉಳಿಯುತ್ತದೆ. ಜೈನಶಾಸ್ತ್ರವು ಮುನಿಗಳು ಗೆಲ್ಲಬೇಕಾದ ಇಪ್ಪತ್ತೆರಡು ಪರೀಷಹಗಳಲ್ಲಿ ದಂಶಮಶಕವನ್ನೂ ಒಂದಾಗಿ ಹೇಳುತ್ತದೆ. ಸ್ವೇಚ್ಛೆಯಿಂದ ಕೈಕೊಂಡ ಆ ತಪಸ್ಸು ಪೂಜ್ಯವಾದುದು. ಆದರೆ ಕೂಲಿಗಾಗಿ ಬಗ್ಗಿದವಳ ಮೇಲೆ ಅದೇ ಸಹನೆಯನ್ನು ಹೇರುವುದು ಧರ್ಮವಾಗಲಾರದು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಯುವವೈದ್ಯ ರೊನಾಲ್ಡ್ ರಾಸ್ ತನ್ನ ಬಂಗಲೆಯ ಸೊಳ್ಳೆಗಳು ಕಿಟಕಿಯ ಹೊರಗಣ ತೊಟ್ಟಿಯ ನೀರಿನಲ್ಲಿ ಹುಟ್ಟುವುದನ್ನು ಕಂಡು, ಅದನ್ನು ಮಗುಚಿ, ಕಾಟ ಇಳಿದುದನ್ನು ಅನುಭವಿಸಿದನು. ಉಳಿದ ಪಾತ್ರೆಗಳನ್ನೂ ಹಾಗೆಯೇ ಬರಿದುಮಾಡೋಣವೆಂದಾಗ ಮೇಲಣ ಅಧಿಕಾರಿಯು, ಸೃಷ್ಟಿಯ ಕ್ರಮವನ್ನು ಕೆಡಿಸಲಾಗದು, ಸೊಳ್ಳೆಯನ್ನು ತಾಳಿಕೊಳ್ಳುವುದೇ ಕರ್ತವ್ಯವೆಂದು ನಿರಾಕರಿಸಿದನೆಂದು ರಾಸನೇ ಬರೆದಿಟ್ಟಿದ್ದಾನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಆತನೇ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಜೀವಾಣುವನ್ನು ಕಂಡನು. ತೊಟ್ಟಿಯನ್ನು ಮಗುಚುವ ಉಪಾಯ ಹದಿನಾಲ್ಕು ವರ್ಷ ಮೊದಲೇ ಸಿದ್ಧವಾಗಿದ್ದಿತು.

ಸಮೀಕ್ಷೆಯಿಂದ ಹೊರಡುವ ನಿರ್ಣಯವು ಸ್ಪಷ್ಟ. ಅಂಗಿ, ಟವಲು, ಎಣ್ಣೆ, ಮುಲಾಮುಗಳು ಒಬ್ಬೊಬ್ಬರ ರಕ್ಷಣೆಗೆ ಬೇಕು. ಆದರೆ ನೊಣವು ಒಬ್ಬನ ತಿಪ್ಪೆಯಲ್ಲಿ ಹುಟ್ಟಿ ಇನ್ನೊಬ್ಬಳ ಕಾಲನ್ನು ಕಚ್ಚುತ್ತದೆ, ಆದುದರಿಂದ ಅದರ ನಿವಾರಣೆ ಊರೊಟ್ಟಿನ ಕರ್ತವ್ಯ. 2005ರ ಉದ್ಯೋಗ ಖಾತರಿ ಕಾಯಿದೆಯು ಕೆಲಸದ ಎಡೆಯಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರತಕ್ಕದ್ದೆಂದು ವಿಧಿಸಿತ್ತು. ಕೂಲಿ ಕರೆಯುವ ಭೂಮಾಲಿಕರೂ ತಮ್ಮ ಹೊಲದಲ್ಲಿ ಅಷ್ಟನ್ನು ಮಾಡಿ, ಅದಕ್ಕೆ ತುಂಬುತೋಳಿನ ಅಂಗಿಯೊಂದನ್ನು ಸೇರಿಸಿದರೆ ದೊಡ್ಡ ವೆಚ್ಚವಾಗದು. ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗ್ರಾಮಪಂಚಾಯಿತಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮಾಘಮಾಸ ಮುಗಿಯುವುದರೊಳಗೆ ಊರ ತಿಪ್ಪೆಗಳನ್ನು ತೆಗೆಸಿ, ಬಸಿಗಾಲುವೆಗಳನ್ನು ತೋಡಿಸಿ, ರೇಷ್ಮೆಯವರ ಕೊಟ್ಟಿಗೆಗಳಿಗೆ ಬಲೆ ಹೊದಿಸಲು ನೆರವಾಗಬೇಕು.